ಹೊಳೆ ಬತ್ತಿದಾಗಿನ ಕೆಲಸ

ನೆದರ್ಲೆಂಡ್ಸ್‌ನಲ್ಲೂ ಬರ ಬೀಳುತ್ತದೆ ಎಂದರೆ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ. ಸಮುದ್ರಕ್ಕಿಂತ ಕೆಳಗಿರುವ ದೇಶ, ಎಲ್ಲಿ ನೋಡಿದರೂ ಕಾಲುವೆ, ವರ್ಷವಿಡೀ ಜಿಟಿಜಿಟಿ ಮಳೆ, ಅಲ್ಲಿ ಬರ ಹೇಗೆ ಸಾಧ್ಯ ಎಂದು ಕೇಳುತ್ತಾರೆ. ಇಲ್ಲಿಗೆ ಬಂದ ಮೊದಲ ವರ್ಷಗಳಲ್ಲಿ ನನಗೂ ಹಾಗೇ ಅನ್ನಿಸುತ್ತಿತ್ತು. ಇಲ್ಲಿನ ಬರ ನನಗೆ ಮೊದಲು ಗೊತ್ತಾದದ್ದು ಆಕಾಶ ನೋಡಿ ಅಲ್ಲ, ಬಿಲ್ ನೋಡಿ. ನಾನು ಕೆಲಸ ಮಾಡುವ ಕಂಪನಿಗೆ ಜರ್ಮನಿಯಿಂದ ಸರಕು ರೈನ್ ನದಿಯ ಹಡಗುಗಳಲ್ಲಿ ಬರುತ್ತದೆ. 2018ರ ಬೇಸಿಗೆಯ ಕೊನೆಗೆ ಸಾಗಣೆ ಬಿಲ್ಲುಗಳಲ್ಲಿ ಒಂದು ಹೊಸ ಸಾಲು ಕಾಣಿಸಿಕೊಂಡಿತು: ಕಡಿಮೆ ನೀರಿನ ಸರ್‌ಚಾರ್ಜ್. ನದಿಯ ಮಟ್ಟ ಇಂತಿಷ್ಟಕ್ಕಿಂತ ಇಳಿದರೆ ಹಡಗು ಪೂರ್ತಿ ಸರಕು ಹೊರಲಾರದು, ತಳ ನೆಲಕ್ಕೆ ತಾಗುತ್ತದೆ. ಅರ್ಧ ಸರಕಿಗೆ ಎರಡು ಸಲ ಬರಬೇಕು. ಆ ನಷ್ಟ ಯಾರು ಹೊರಬೇಕು ಎನ್ನುವುದು ಒಪ್ಪಂದದಲ್ಲೇ ಬರೆದಿರುತ್ತದೆ. ಲೆಕ್ಕದವಳಾದ ನಾನು ಅದನ್ನು ಯಾವ ಖಾತೆಗೆ ಹಾಕಬೇಕು ಎಂದು ಯೋಚಿಸುತ್ತಾ ಕುಳಿತಿದ್ದಾಗ, ಸಾವಿರಾರು ಮೈಲಿ ದೂರದ ನಮ್ಮ ಮಲಪ್ರಭೆಯೂ ಬತ್ತಿತ್ತು. ಅದಕ್ಕೆ ಮಾತ್ರ ಸರ್‌ಚಾರ್ಜ್ ಹಾಕುವವರು ಯಾರೂ ಇರಲಿಲ್ಲ.

ನನ್ನ ತವರು ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನಲ್ಲಿ, ಮಲಪ್ರಭೆಯ ದಂಡೆಯ ಮೇಲಿನ ಒಂದು ಊರು. ಹುಬ್ಬಳ್ಳಿಯಲ್ಲಿ ಬಿ.ಕಾಂ., ಬೆಂಗಳೂರಿನಲ್ಲಿ ಸಿ.ಎ. ಮುಗಿಸಿ, ಮದುವೆಯಾಗಿ, ಈಗ ಆಮ್ಸ್ಟರ್‌ಡಾಮ್ ಪಕ್ಕದ ಆಮ್ಸ್ಟಲ್‌ವೇನ್‌ನಲ್ಲಿದ್ದೇನೆ. ಅಣ್ಣ ಊರಲ್ಲೇ ಒಕ್ಕಲುತನ ಮಾಡಿಕೊಂಡು ಅವ್ವನ ಜೊತೆ ಇದ್ದಾನೆ. ಹೊಳೆ ದಂಡೆಯ ಊರು ಎಂದರೆ ನೀರಿಗೆ ಬರವಿಲ್ಲ ಎಂದು ದೂರದವರು ತಿಳಿಯುತ್ತಾರೆ. ಆದರೆ ನರಗುಂದದ ಹೆಸರು ಇತಿಹಾಸದಲ್ಲಿ ಉಳಿದದ್ದೇ ನೀರಿನ ಜಗಳದಿಂದ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದ ಮೇಲೆ, ಕಾಲುವೆಯ ನೀರು ಸರಿಯಾಗಿ ಹೊಲ ಮುಟ್ಟುವ ಮೊದಲೇ ರೈತರಿಗೆ ನೀರಿನ ಕರ, ಅಭಿವೃದ್ಧಿ ಕರದ ನೋಟಿಸುಗಳು ಮುಟ್ಟಿದವು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬಂಡೆದ್ದರು, ಗೋಲಿಬಾರ್ ಆಯಿತು, ರೈತರು ಸತ್ತರು. ಆಗ ನಾನು ತೊಟ್ಟಿಲಲ್ಲಿದ್ದೆ. ನಮ್ಮ ಕಡೆ ಆ ದಿನವನ್ನು ಇವತ್ತಿಗೂ ರೈತ ಹುತಾತ್ಮರ ದಿನ ಎಂದು ಆಚರಿಸುತ್ತಾರೆ. 2015ರ ಜುಲೈನಲ್ಲಿ ಅದೇ ನರಗುಂದದಲ್ಲಿ ಕಳಸಾ-ಬಂಡೂರಿ ನೀರಿಗಾಗಿ ಮತ್ತೆ ಧರಣಿ ಶುರುವಾಯಿತು. ವರ್ಷಗಟ್ಟಲೆ ನಡೆಯಿತು. 2018ರ ಆಗಸ್ಟ್ 14ರಂದು ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ ಒಟ್ಟು 13.42 ಟಿ.ಎಂ.ಸಿ. ನೀರು ಎಂದು ತೀರ್ಪು ಕೊಟ್ಟಿತು. ಅದು ಕಾಗದದ ಮೇಲಿನ ನೀರು. ಹೊಲದಲ್ಲಿ ಆ ವರ್ಷ ಹಿಂಗಾರಿ ಜೋಳ ಮೊಣಕಾಲೆತ್ತರಕ್ಕೆ ಬಂದು ಒಣಗಿತು. ರಾಜ್ಯದ 176 ತಾಲ್ಲೂಕುಗಳ ಪೈಕಿ 156 ಬರಪೀಡಿತ ಎಂದು ಘೋಷಣೆಯಾಯಿತು. 2019ರ ಬೇಸಿಗೆಯಲ್ಲಿ ಮೇವಿಲ್ಲದೆ ಅಣ್ಣ ಜೋಡೆತ್ತು ಮಾರಿದ. ಅವ್ವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದಳು.

ಆ ಜುಲೈನಲ್ಲಿ ಇಲ್ಲಿ ಸುಡುಬಿಸಿಲು. ಜುಲೈ 25ರಂದು ಈ ದೇಶದಲ್ಲಿ ಮೊದಲ ಬಾರಿಗೆ ಉಷ್ಣಾಂಶ 40 ಡಿಗ್ರಿ ದಾಟಿತು. ಗಿಲ್ಜೆ-ರೈಯನ್ ಎಂಬಲ್ಲಿ 40.7 ಡಿಗ್ರಿ. ಫ್ಯಾನೇ ಇಲ್ಲದ ಮನೆಗಳಲ್ಲಿ ಡಚ್ಚರು ಒದ್ದೆ ಟವೆಲ್ ಸುತ್ತಿಕೊಂಡು ಕುಳಿತಿದ್ದರು. ಅದಾದ ಎರಡು ವಾರದೊಳಗೆ ಅಣ್ಣನ ಫೋನು ಬಂತು. ಮಳೆ ಹೇಗಿದೆ ಎಂದು ಕೇಳಿದೆ.

"ನಮ್ಮೂರಾಗ ಮಳಿ ಇಲ್ಲ ತಂಗಿ, ಬರೇ ಜಿಟಿಜಿಟಿ. ಆದ್ರ ಹೊಳಿ ಬಂದೈತಿ."

ಹೊಳೆ ದಂಡೆಯಲ್ಲಿ ಬೆಳೆಯದವರಿಗೆ ಈ ಮಾತು ವಿಚಿತ್ರ ಅನ್ನಿಸಬಹುದು. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಪಶ್ಚಿಮ ಘಟ್ಟದ ಕಾಡಿನಲ್ಲಿ. ಅಲ್ಲಿ ಸುರಿದ ಮಳೆ ನವಿಲುತೀರ್ಥದ ಜಲಾಶಯಕ್ಕೆ ಬರುತ್ತದೆ. ಜಲಾಶಯ ಹಿಡಿಯುವುದು 37.73 ಟಿ.ಎಂ.ಸಿ. ಅದು ತುಂಬುವುದನ್ನು ನಮ್ಮವರು ವರ್ಷಗಟ್ಟಲೆ ಕಾಯುತ್ತಾರೆ. ಆ ವರ್ಷ ಘಟ್ಟದ ಮಳೆ ಎಷ್ಟು ಜೋರಾಗಿತ್ತೆಂದರೆ, ಬರಿದಾಗಿದ್ದ ಜಲಾಶಯ ಕೆಲವೇ ದಿನಗಳಲ್ಲಿ ತುಂಬಿ, ಗೇಟು ತೆರೆಯಬೇಕಾಯಿತು. ನಮ್ಮ ಹೊಲದಲ್ಲಿ ಕುಂಟೆ ಹೊಡೆಯುವಷ್ಟೂ ಹಸಿ ಇರಲಿಲ್ಲ, ಊರಿಗೆ ಮಾತ್ರ ನೀರು ಬಂತು. ಕೊಣ್ಣೂರಿನ ಹತ್ತಿರ ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯ ಮೇಲೆ ನೀರು ಹರಿದು ಸಂಚಾರ ನಿಂತಿತು. ನಾಲ್ಕು ವರ್ಷದಿಂದ ನೀರು ಕೊಡಿ ಎಂದು ಧರಣಿ ಕುಳಿತಿದ್ದ ತಾಲ್ಲೂಕಿನ ಜನ, ತೀರ್ಪು ಬಂದು ವರ್ಷ ತುಂಬುವ ಮೊದಲೇ ಗಂಜಿ ಕೇಂದ್ರದಲ್ಲಿ ಕುಳಿತರು.

"ಯಾವ ಮಟಾ ಬಂದೈತಿ?" ಎಂದೆ.

"ಹನುಮಪ್ಪನ ಗುಡಿ ಕಟ್ಟಿ ಮುಟ್ಟೈತಿ. ಅವ್ವ ಹೊರಗ ಬರಾಕ ಒಲ್ಲೆ ಅಂತಾಳ."

ಅವ್ವ ಒಲ್ಲೆ ಎಂದದ್ದಕ್ಕೆ ಕಾರಣ ಇತ್ತು. ಅದನ್ನು ಹೇಳಬೇಕಾದರೆ ಹತ್ತು ವರ್ಷ ಹಿಂದಕ್ಕೆ ಹೋಗಬೇಕು. 2009 ಇಡೀ ದೇಶಕ್ಕೇ ಬರದ ವರ್ಷ. ಮುಂಗಾರು ಸರಾಸರಿಗಿಂತ ಶೇ. 22ರಷ್ಟು ಕಡಿಮೆಯಾಗಿತ್ತು. ಬರದ ಅರ್ಜಿಗಳನ್ನು ಬರೆಯುತ್ತಿರುವಾಗಲೇ, ಸೆಪ್ಟೆಂಬರ್ ಕೊನೆಯಲ್ಲಿ ಶುರುವಾದ ಮಳೆ ಉತ್ತರ ಕರ್ನಾಟಕವನ್ನು ಮುಳುಗಿಸಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ 'ಆಸರೆ' ಯೋಜನೆಯಲ್ಲಿ ಎತ್ತರದ ಜಾಗಗಳಲ್ಲಿ ಹೊಸ ಮನೆಗಳು ಎದ್ದವು. ನಮಗೂ ಒಂದು ಮನೆ ಬಂತು. ಆದರೆ ನಮ್ಮ ದನ, ಬಣವೆ, ಕಣ, ಹೊಲ ಎಲ್ಲ ಹಳೆಯ ಊರಿಗೆ ಅಂಟಿಕೊಂಡಿದ್ದವು. ಒಂದೆರಡು ವರ್ಷ ಹೊಳೆ ಸುಮ್ಮನಿತ್ತು. ಆಮೇಲೆ ಬರದ ಮೇಲೆ ಬರ ಬಂತು. ಹೊಳೆಯ ಮರಳಿನಲ್ಲಿ ಹುಡುಗರು ಕ್ರಿಕೆಟ್ ಆಡಿದರು. ಬತ್ತಿದ ಹೊಳೆಗೆ ಹೆದರಿ ಮನೆ ಬಿಟ್ಟವರನ್ನು ಯಾರಾದರೂ ಕಂಡಿದ್ದಾರೆಯೇ? ಊರಿನ ಎಷ್ಟೋ ಮನೆಯವರಂತೆ ನಾವೂ ಹೊಸ ಮನೆಯಲ್ಲಿ ಮೇವು, ಹತ್ತಿಕಟ್ಟಿಗೆ ಒಟ್ಟಿದೆವು. ಅವ್ವನ ಲೆಕ್ಕದಲ್ಲಿ 2009ರ ನೀರು ಕಟ್ಟೆಗೇ ನಿಂತಿತ್ತು, ಹೊಸ್ತಿಲು ದಾಟಿರಲಿಲ್ಲ. ಈ ಸಲವೂ ದಾಟುವುದಿಲ್ಲ ಎಂದು ಅವಳ ನಂಬಿಕೆ.

ಆ ರಾತ್ರಿ ಅಣ್ಣ ಅವಳನ್ನು ಹೊತ್ತುಕೊಂಡೇ ಟ್ರ್ಯಾಕ್ಟರಿಗೆ ಹತ್ತಿಸಿದ. ನೀರು ಹೊಸ್ತಿಲು ದಾಟಿ, ಕಿಟಕಿಯ ಮಟ್ಟಕ್ಕೆ ಬಂದು ನಾಲ್ಕು ದಿನ ನಿಂತಿತು. ಮಣ್ಣಿನ ಗೋಡೆಯ ಮಾಳಿಗೆ ಮನೆ ಯಾವಾಗಲೂ ನೀರಿನಲ್ಲೇ ಬೀಳುವುದಿಲ್ಲ. ನೀರು ಇಳಿದು, ಬಿಸಿಲು ಬಿದ್ದು, ಗೋಡೆ ಒಣಗತೊಡಗಿದ ಮೇಲೂ ಬೀಳುತ್ತದೆ. ನಮ್ಮ ಪಡಸಾಲೆ ಬಿದ್ದದ್ದು ಹೊಳೆ ಇಳಿದ ಎಂಟನೆಯ ದಿನ. ಎಲ್ಲರೂ ಕೆಸರು ತೆಗೆದು, ಇನ್ನು ಪರವಾಗಿಲ್ಲ ಎಂದುಕೊಂಡು ಹೊರಗೆ ಚಹಾ ಕುಡಿಯುತ್ತಿದ್ದರಂತೆ.

ಆ ದಿನಗಳಲ್ಲಿ ನಾನು ಇಲ್ಲಿಂದ ಮಾಡಲು ಸಾಧ್ಯವಿದ್ದದ್ದು ಎರಡೇ: ಹಣ ಕಳಿಸುವುದು, ಪಟ್ಟಿ ಮಾಡುವುದು. ಸರ್ಕಾರ ತುರ್ತು ಪರಿಹಾರ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಪ್ರಕಟಿಸಿತ್ತು. ಹಾನಿಯಾದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸುತ್ತಿದ್ದರು. ಅದಕ್ಕೆ ಮನೆಯ ಸಾಮಾನಿನ ಪಟ್ಟಿ ಬೇಕಿರಲಿಲ್ಲ. ಆದರೆ ಅವ್ವ ಮಾತೇ ನಿಲ್ಲಿಸಿದ್ದಳು. ಅವಳನ್ನು ಮಾತಾಡಿಸುವುದಕ್ಕೆ ನನಗೆ ಗೊತ್ತಿದ್ದ ದಾರಿ ಅದೊಂದೇ. ದಿನಾ ಸಂಜೆ ಫೋನ್ ಮಾಡಿ, "ಅಡಿಗಿ ಮನಿಯಾಗ ಏನೇನ್ ಇತ್ತು, ಹೇಳವ್ವ, ಬರಕೋತೀನಿ" ಎನ್ನುತ್ತಿದ್ದೆ. ಅವಳು ಹೇಳುತ್ತಿದ್ದಳು: ರೊಟ್ಟಿ ಹಂಚು, ಕಲ್ಲಿನ ಕೊಣಮಿಗೆ, ಜೋಳದ ಚೀಲ ಆರು, ಕಡಲೆ ಬೀಜಕ್ಕೆ ಇಟ್ಟದ್ದು ಎರಡು, ಹಿತ್ತಾಳೆ ಕೊಡ, ಕೂರಿಗೆ, ಮಾರಿದ ಎತ್ತುಗಳ ಗೆಜ್ಜೆಸರ. ನಾನು ಎಕ್ಸೆಲ್‌ನಲ್ಲಿ ಒಂದೊಂದಕ್ಕೂ ಅಂದಾಜು ಬೆಲೆ ಹಾಕುತ್ತಾ ಹೋದೆ. ಕೌದಿಗಳ ವಿಷಯ ಬಂದಾಗ ಅವ್ವ ತಡೆದಳು.

"ಅದಕ್ಕ ರೇಟ್ ಬರೀಬ್ಯಾಡ. ಅದು ನಿಮ್ಮಜ್ಜಿ ಹೊಲಿದದ್ದು."

ಆ ಸಾಲಿನಲ್ಲಿ ಬೆಲೆಯ ಕಾಲಂ ಇವತ್ತಿಗೂ ಖಾಲಿ ಇದೆ.

ಅದೇ ಹೊತ್ತಿನಲ್ಲಿ ಇಲ್ಲಿನ ಕನ್ನಡ ಸ್ನೇಹಿತರು, ಬೆಂಗಳೂರಿನ ನೆಂಟರು ಸಮಾಧಾನಕ್ಕೆ ಒಂದು ಮಾತು ಹೇಳುತ್ತಿದ್ದರು: "ಏನೇ ಆಗಲಿ, ಬರ ಹೋಯ್ತಲ್ಲ. ಡ್ಯಾಂ ತುಂಬಿತಲ್ಲ." ಅವರ ಮನಸ್ಸು ಒಳ್ಳೆಯದೇ. ಆದರೆ ಲೆಕ್ಕದವಳಿಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ಬರ ಒಂದು ಖರ್ಚು, ನೆರೆ ಅದಕ್ಕೆ ಜಮೆ, ಎರಡೂ ಸೇರಿದರೆ ಸರಿಹೋಯಿತು ಎಂದು ಅದರ ಅರ್ಥ. ಮಳೆಯ ಪಟ್ಟಿಯಲ್ಲಿ ಹಾಗೆ ಕಾಣಿಸಲೂಬಹುದು. ಹತ್ತು ತಿಂಗಳು ಏನೂ ಬೀಳದೆ, ಹತ್ತು ದಿನದಲ್ಲಿ ಎಲ್ಲ ಬಿದ್ದರೆ ವರ್ಷದ ಸರಾಸರಿ ಸರಿಯಾಗೇ ಇರುತ್ತದೆ. ಆದರೆ ಅಣ್ಣನ ಖಾತೆಯಲ್ಲಿ ಎರಡೂ ಒಂದೇ ಕಡೆ ಬೀಳುತ್ತವೆ. ಒಣಗಿದ ಜೋಳ ಖರ್ಚಿನ ಕಡೆ, ಮಾರಿದ ಎತ್ತು ಖರ್ಚಿನ ಕಡೆ, ನೀರು ಸಿಗದ ಬೋರಿನ ಸಾಲ ಖರ್ಚಿನ ಕಡೆ. ಕೊಳೆತ ಹೆಸರು, ಬಿದ್ದ ಪಡಸಾಲೆ ಮತ್ತೆ ಖರ್ಚಿನ ಕಡೆಯೇ. ಒಂದು ಇನ್ನೊಂದನ್ನು ಹೊಡೆದುಹಾಕುವುದಿಲ್ಲ. ಮೊದಲನೆಯದು ಎರಡನೆಯದನ್ನು ಇನ್ನಷ್ಟು ದುಬಾರಿ ಮಾಡುತ್ತದೆ.

ಹೇಗೆ ದುಬಾರಿ ಮಾಡುತ್ತದೆ ಎನ್ನುವುದು ನಮ್ಮ ಎರೆ ಭೂಮಿ ಕಂಡವರಿಗೆ ಗೊತ್ತು. ಬೇಸಿಗೆಯಲ್ಲಿ ಅದು ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿ ಬಿರಿಯುತ್ತದೆ. ಅದರ ಮೇಲೆ ನಿಂತ ಗೋಡೆಯೂ ಬಿರಿಯುತ್ತದೆ. ನೀರು ಬಿದ್ದ ಮೇಲೆ ಮಣ್ಣು ಹಿಗ್ಗಿ ಬಿರುಕು ಮುಚ್ಚಿಕೊಂಡು, ಮುಂದಿನ ನೀರನ್ನು ಒಳಗೆ ಬಿಡುವುದಿಲ್ಲ. ಹೊಲದ ಬಿರುಕು ಮುಚ್ಚುತ್ತದೆ, ಗೋಡೆಯ ಬಿರುಕು ಮುಚ್ಚುವುದಿಲ್ಲ. ಹೊಳೆಯ ನೀರು ನಮ್ಮ ಪಡಸಾಲೆಯ ಗೋಡೆಯೊಳಗೆ ಇಳಿದದ್ದು ಬರಗಾಲ ಸೀಳಿಟ್ಟ ದಾರಿಯಲ್ಲೇ.

ಬರ ಮತ್ತು ನೆರೆಯ ಈ ನಂಟು ಡಚ್ಚರಿಗೆ ಚೆನ್ನಾಗಿ ಗೊತ್ತು ಎಂದು ನನಗೆ ತಿಳಿದದ್ದು ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಹೋಗಬಹುದಾದ ಒಂದು ಊರಿನಿಂದ. ಆಮ್ಸ್ಟಲ್ ನದಿಯ ಗುಂಟ ದಕ್ಷಿಣಕ್ಕೆ ಹೋಗಿ, ಔಟ್‌ಹೋರ್ನ್ ದಾಟಿದರೆ ವಿಲ್ನಿಸ್ ಎಂಬ ಊರು ಸಿಗುತ್ತದೆ. ಅಲ್ಲಿ ಕಾಲುವೆ ಎತ್ತರದಲ್ಲಿ, ಮನೆಗಳು ಅದಕ್ಕಿಂತ ಕೆಳಗೆ. ನಡುವೆ ಒಂದು ಏರಿ. ನಮ್ಮ ಕೆರೆ ಏರಿಯ ಹಾಗೆಯೇ, ಆದರೆ ಪೀಟ್ ಮಣ್ಣಿನದು. ಜೌಗಿನಲ್ಲಿ ಗಿಡಗಂಟಿಗಳು ಸಾವಿರಾರು ವರ್ಷ ಅರೆಬರೆ ಕೊಳೆತು ಆದ ಮಣ್ಣದು. ನೀರು ಕುಡಿದಿರುವ ತನಕ ಭಾರ, ಒಣಗಿದರೆ ಹಗುರ. 2003ರ ಬೇಸಿಗೆ ಯುರೋಪಿಗೆಲ್ಲ ಕಡುಬಿಸಿಲಿನದು. ಆಗಸ್ಟ್ 25ರ ರಾತ್ರಿ ಕಳೆದು 26ರ ಬೆಳಗಾಗುವ ಮೊದಲು, ಒಂದು ಹನಿ ಮಳೆ ಇಲ್ಲದೆ, ವಿಲ್ನಿಸ್‌ನ ಏರಿ ಒಡೆಯಿತು. ಒಣಗಿ ತೂಕ ಕಳೆದುಕೊಂಡಿದ್ದ ಏರಿಯನ್ನು ಕಾಲುವೆಯ ನೀರು ಪಕ್ಕಕ್ಕೆ ತಳ್ಳಿಬಿಟ್ಟಿತ್ತು. ಸುಮಾರು 60 ಮೀಟರ್ ಉದ್ದಕ್ಕೆ ಏರಿ ಜಾರಿತು. ಹತ್ತಿರ ಹತ್ತಿರ 1,500 ಜನರನ್ನು ಮನೆಗಳಿಂದ ಹೊರಗೆ ಕಳಿಸಬೇಕಾಯಿತು. ಅದೃಷ್ಟವಶಾತ್ ಯಾರೂ ಸಾಯಲಿಲ್ಲ.

ಮಳೆ ಬಾರದ್ದಕ್ಕೆ ನೆರೆ ಬಂದ ಊರು! ಈ ಕಥೆ ಕೇಳಿದ ಮೇಲೆ ನಾನೊಂದು ಭಾನುವಾರ ಸೈಕಲ್ ಹೊಡೆದುಕೊಂಡು ಹೋಗಿ ಆ ಏರಿ ನೋಡಿ ಬಂದೆ. ನೋಡಲು ಏನೂ ಇಲ್ಲ. ಹುಲ್ಲು, ಸೈಕಲ್ ದಾರಿ, ಕಾಲುವೆಯಲ್ಲಿ ಬಾತುಕೋಳಿ. ಆದರೆ ಆ ಘಟನೆಯ ನಂತರ ಬೇಸಿಗೆ ಒಣಗಿದಾಗಲೆಲ್ಲ ಇಂಥ ಏರಿಗಳ ಮೇಲೆ ಜನ ನಡೆಯುತ್ತಾರೆ. ನೆಲ ನೋಡುತ್ತಾ, ಬಿರುಕು ಹುಡುಕುತ್ತಾ ನಿಧಾನಕ್ಕೆ ನಡೆಯುತ್ತಾರೆ. ಬೇಕೆಂದ ಕಡೆ ಏರಿಗೆ ನೀರು ಚಿಮುಕಿಸುತ್ತಾರೆ. 2018ರಲ್ಲಿ, ಏಪ್ರಿಲ್‌ನಿಂದ ಲೆಕ್ಕ ಹಾಕುವ ಮಳೆಯ ಕೊರತೆ 300 ಮಿಲಿಮೀಟರ್ ದಾಟಿ, 1976ರ ದಾಖಲೆಯ ಬರಕ್ಕೆ ಹತ್ತಿರ ಹೋದಾಗಲೂ ಇದೇ ಕೆಲಸ ನಡೆದಿತ್ತು. ನೀರಿನ ಅಭಾವವಾದಾಗ ಯಾರಿಗೆ ಮೊದಲು ನೀರು ಎನ್ನುವುದಕ್ಕೆ ಇಲ್ಲಿ ಒಂದು ಕಾನೂನಿನ ಸರದಿ ಇದೆ. ಅದನ್ನು ಮೊದಲ ಸಲ ಓದಿದಾಗ ನಾನು ತಪ್ಪು ಓದಿದೆನೇನೋ ಎಂದು ಮತ್ತೊಮ್ಮೆ ನೋಡಿದೆ. ಕುಡಿಯುವ ನೀರು ಮತ್ತು ವಿದ್ಯುತ್ತು ಎರಡನೆಯ ಸ್ಥಾನದಲ್ಲಿವೆ. ಮೊದಲನೆಯ ಸ್ಥಾನ ಏರಿಗಳ ಭದ್ರತೆಗೆ, ಪೀಟ್ ನೆಲ ಕುಸಿಯದಂತೆ ನೋಡಿಕೊಳ್ಳುವುದಕ್ಕೆ, ಮತ್ತೆ ಸರಿಪಡಿಸಲಾಗದ ಹಾನಿಯನ್ನು ತಡೆಯುವುದಕ್ಕೆ. ಕೊಡ ಹಿಡಿದು ಸಾಲಿನಲ್ಲಿ ನಿಂತು ಬೆಳೆದ ನನಗೆ ಇದು ಅರಗಲು ಸಮಯ ಬೇಕಾಯಿತು. ಬರಗಾಲದ ನಡುವೆ ನಿಂತು ಇವರು ಮೊದಲು ಯೋಚಿಸುವುದು ಪ್ರವಾಹದ ಬಗ್ಗೆ!

ಇದನ್ನು ನೋಡಿಕೊಳ್ಳುವುದು ವಾಟರ್‌ಸ್ಖಾಪ್ ಎಂಬ ನೀರಿನ ಮಂಡಳಿಗಳು. ದೇಶದಲ್ಲಿ 21 ಇವೆ. ಕೆಲವು 13ನೆಯ ಶತಮಾನದಷ್ಟು ಹಳೆಯವು. ಅವಕ್ಕೆ ಬೇರೆಯದೇ ಚುನಾವಣೆ, ಬೇರೆಯದೇ ತೆರಿಗೆ. ಇಲ್ಲಿ ಕಾನೂನುಬದ್ಧವಾಗಿ ನೆಲೆಸಿದ ಪರದೇಶದವರೂ ಮತ ಹಾಕಬಹುದು. 2019ರ ಮಾರ್ಚ್ 20ರಂದು ನಾನೂ ಹಾಕಿದೆ. ಮೊದಲ ಸಲ ಈ ತೆರಿಗೆಯ ಲಕೋಟೆ ಬಂದಾಗ ಅಣ್ಣನಿಗೆ ಹೇಳಿದ್ದೆ. ಅವನು ನಕ್ಕ. "ನೀರು ಕೊಡಾಕ ತೆರಿಗಿ ಕೇಳಿದ್ದು ಕೇಳೀನಿ. ನೀರು ಹೊರಗ ಹಾಕಾಕೂ ತೆರಿಗಿ ಕೊಡ್ತೀರೇನು?" ನರಗುಂದದವನ ನಗು ಅದು. ಅದರೊಳಗೆ 1980 ಇತ್ತು. ನಾನು ವಿವರಿಸಿದೆ: ನಮ್ಮ ಬಡಾವಣೆ ಸಮುದ್ರಮಟ್ಟಕ್ಕಿಂತ ಕೆಳಗಿದೆ, ಪಕ್ಕದ ಸ್ಕಿಪೋಲ್ ವಿಮಾನ ನಿಲ್ದಾಣ ಇರುವ ಜಾಗ 1852ರಲ್ಲಿ ನೀರು ಖಾಲಿ ಮಾಡಿದ ಸರೋವರದ ತಳ, ಪಂಪು ನಿಂತರೆ ನಾವು ನಿಂತ ನೆಲ ಇಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ನೀರು ಬರದ ವರ್ಷಾನೂ ಕೊಡಬೇಕೇನು?" ಕೊಡಬೇಕು. ನಿಜವಾಗಿ ನೋಡಿದರೆ ಆ ತೆರಿಗೆಯ ಅರ್ಥವೇ ಅದು.

ಹಾಗೆಂದು ಈ ದೇಶ ಎಲ್ಲ ಗೆದ್ದಿದೆ ಎಂದು ಬರೆದರೆ ಸುಳ್ಳಾಗುತ್ತದೆ. 2018, 2019, 2020 ಮೂರೂ ಬೇಸಿಗೆ ಒಣಗಿದವು. ಹಳೆಯ ಮನೆಗಳ ಕೆಳಗಿನ ಮರದ ಕಂಬಗಳು ಅಂತರ್ಜಲ ಇಳಿದರೆ ಗಾಳಿ ತಾಗಿ ಕೊಳೆಯುತ್ತವೆ ಎಂದು ನನ್ನ ಸಹೋದ್ಯೋಗಿಗಳು ಊಟದ ಹೊತ್ತಿನಲ್ಲಿ ಅದೇ ಮಾತಾಡುತ್ತಿದ್ದರು. ಆಮೇಲೆ 2021ರ ಜುಲೈ 13ರಿಂದ 15ರವರೆಗೆ ದಕ್ಷಿಣದ ಲಿಂಬರ್ಗ್‌ನಲ್ಲಿ ಮಳೆ ಸುರಿಯಿತು. ಕೆಲವೆಡೆ ಎರಡೇ ದಿನದಲ್ಲಿ 150 ಮಿಲಿಮೀಟರಿಗೂ ಹೆಚ್ಚು. ಬೆಲ್ಜಿಯಂನಲ್ಲಿ ಹುಟ್ಟಿ ಬರುವ ಗ್ಯೂಲ್ ಎಂಬ ಪುಟ್ಟ ಹೊಳೆ ಫಾಲ್ಕನ್‌ಬರ್ಗ್ ಪಟ್ಟಣದ ಬೀದಿಗಳಲ್ಲಿ ಹರಿಯಿತು. ಫೆನ್ಲೋ ನಗರದಲ್ಲಿ ಇಡೀ ಆಸ್ಪತ್ರೆಯನ್ನೇ ಮುನ್ನೆಚ್ಚರಿಕೆಗಾಗಿ ಖಾಲಿ ಮಾಡಿದರು. ಗಡಿಯಾಚೆ ಜರ್ಮನಿಯಲ್ಲಿ 180ಕ್ಕೂ ಹೆಚ್ಚು ಜನ ಸತ್ತರು. ಬೆಲ್ಜಿಯಂನಲ್ಲೂ ಹತ್ತಾರು ಜನ ಸತ್ತರು. ನೆದರ್ಲೆಂಡ್ಸ್‌ನಲ್ಲಿ ನೀರಿಗೆ ಯಾರೂ ಬಲಿಯಾಗಲಿಲ್ಲ. ಆದರೆ ಟಿ.ವಿ.ಯಲ್ಲಿ ಫಾಲ್ಕನ್‌ಬರ್ಗ್‌ನ ಬೀದಿ ಬದಿಯಲ್ಲಿ ಒಟ್ಟಿದ್ದ ಕೆಸರು ಮೆತ್ತಿದ ಸೋಫಾ, ಹಾಸಿಗೆ, ಮಕ್ಕಳ ಪುಸ್ತಕ ನೋಡಿದಾಗ ನನಗೆ ಅವ್ವನ ಪಟ್ಟಿ ನೆನಪಾಯಿತು. ದೊಡ್ಡ ನದಿಗಳ ಮೇಲೆ ಕಣ್ಣಿಟ್ಟು ಕುಳಿತಿದ್ದ ದೇಶಕ್ಕೆ ಒಂದು ಸಣ್ಣ ಹಳ್ಳ ಪಾಠ ಹೇಳಿತು. ನಮ್ಮ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ವರ್ಷದ ಹೆಚ್ಚು ದಿನ ಒಣಗಿ ಬಿದ್ದಿರುವ ಬೆಣ್ಣೆಹಳ್ಳ ಒಂದೇ ರಾತ್ರಿಯಲ್ಲಿ ನವಲಗುಂದ, ರೋಣ ತಾಲ್ಲೂಕುಗಳ ಹೊಲಗಳನ್ನು ಎಷ್ಟು ಸಲ ಕೊಚ್ಚಿಕೊಂಡು ಹೋಗಿಲ್ಲ?

ಜಾಗ ಬಿಡುವ ಕಷ್ಟವೂ ಇಲ್ಲಿ ಇದೆ. 1993ರಲ್ಲಿ, 1995ರಲ್ಲಿ ನದಿಗಳು ಉಕ್ಕಿದ ಮೇಲೆ (1995ರಲ್ಲಿ ಸುಮಾರು ಎರಡೂವರೆ ಲಕ್ಷ ಜನರನ್ನು ಸ್ಥಳಾಂತರಿಸಿದ್ದರು) ಏರಿಯನ್ನು ಇನ್ನೂ ಎತ್ತರಿಸುವ ಬದಲು ನದಿಗೇ ಜಾಗ ಬಿಟ್ಟುಕೊಡುವ ಯೋಜನೆ ಮಾಡಿದರು. ಓವರ್‌ಡೀಪ್ಸೆ ಪೋಲ್ಡರ್ ಎಂಬಲ್ಲಿ ಹೈನುಗಾರ ರೈತರ ಜಮೀನು ಇದಕ್ಕೆ ಬೇಕಾಯಿತು. ರೈತರೇ ಒಂದು ದಾರಿ ಸೂಚಿಸಿದರು: ಕೆಲವರು ಬೇರೆ ಕಡೆ ಹೋಗುವುದು, ಉಳಿದವರಿಗೆ ಏರಿಯ ಪಕ್ಕ ಎತ್ತರದ ದಿಬ್ಬಗಳನ್ನು ಕಟ್ಟಿ ಅದರ ಮೇಲೆ ಮನೆ, ಕೊಟ್ಟಿಗೆ ಎರಡೂ. ನೀರು ಬಂದರೆ ಹುಲ್ಲುಗಾವಲು ಮುಳುಗಲಿ, ಮನೆ ಮತ್ತು ದನ ಮೇಲಿರಲಿ. ಇದನ್ನು ಓದಿದಾಗ ನನಗೆ ಮುಖ್ಯ ಅನ್ನಿಸಿದ್ದು ದಿಬ್ಬ ಅಲ್ಲ, ಕೊಟ್ಟಿಗೆ. ಮನೆಯೊಂದೇ ಮೇಲೆ ಹೋದರೆ ಒಕ್ಕಲಿಗ ಹಿಂದೆ ಹೋಗುವುದಿಲ್ಲ. ದನ ಎಲ್ಲಿವೆಯೋ ಅಲ್ಲೇ ಅವನ ರಾತ್ರಿ.

ನಮ್ಮಲ್ಲಿ ಇಂಥ ಬುದ್ಧಿ ಇರಲಿಲ್ಲ ಎಂದಲ್ಲ. ನಮ್ಮ ಅಜ್ಜನ ಕಾಲದಲ್ಲಿ ಅಂಗಳದಲ್ಲಿ ಹಗೇವು ಇತ್ತು. ನೆಲದೊಳಗೆ ಕೊರೆದ ಕಣಜ. ಬೆಳೆ ಚೆನ್ನಾಗಿ ಬಂದ ವರ್ಷ ಜೋಳ ತುಂಬಿ ಬಾಯಿ ಮುಚ್ಚಿಬಿಟ್ಟರೆ ಬರಗಾಲದಲ್ಲಿ ತೆಗೆಯುತ್ತಿದ್ದರು. ಸಿ.ಎ. ಓದುವಾಗ 'ಪ್ರಾವಿಷನ್' ಎಂಬ ಪಾಠ ಬಂತು: ಬರುವುದು ಖಚಿತ, ಎಷ್ಟು, ಯಾವಾಗ ಎನ್ನುವುದು ಗೊತ್ತಿಲ್ಲ, ಅಂಥದ್ದಕ್ಕೆ ಲಾಭದ ವರ್ಷದಲ್ಲೇ ತೆಗೆದಿಡಬೇಕು. ನನ್ನ ಜೊತೆಯವರು ಉದಾಹರಣೆಗೆ ಕಂಪನಿಗಳನ್ನು ನೆನೆದರು. ನಾನು ಹಗೇವು ನೆನೆದೆ. ಬರಕ್ಕೆ ನಮ್ಮ ಹಿರಿಯರು ತೆಗೆದಿಡುತ್ತಿದ್ದರು, ಏಕೆಂದರೆ ಬರ ಮತ್ತೆ ಮತ್ತೆ ಬಂದು ನೆನಪಿಸುತ್ತಿತ್ತು. ನೆರೆ ಹತ್ತು ವರ್ಷಕ್ಕೊಮ್ಮೆ ಬರುತ್ತದೆ. ಹತ್ತು ವರ್ಷದಲ್ಲಿ ಊರು ಮರೆಯುತ್ತದೆ. ಅದರಲ್ಲೂ ನಡುವಿನ ವರ್ಷಗಳು ಬರದವಾದರೆ, ನೀರಿನ ಭಯ ಹೋಗಿ ನೀರಿನ ಆಸೆಯೊಂದೇ ಉಳಿಯುತ್ತದೆ. ಇಲ್ಲಿ ಮರೆಯದೆ ಇರುವುದಕ್ಕೆ ಸಂಬಳದ ಜನ ಇದ್ದಾರೆ, ಲಕೋಟೆ ಇದೆ. ನಮ್ಮೂರಿನಲ್ಲಿ ಮರೆಯದೆ ಇರುವವರು ಯಾರು?

ಪರಿಹಾರದ ಹಣ ಕಂತಿನಲ್ಲಿ ಬಂದಾಗ ಮನೆಯಲ್ಲಿ ಇದೇ ಪ್ರಶ್ನೆ. ಹಳೆಯ ಜಾಗದಲ್ಲೇ ಕಟ್ಟುವುದೋ, ಮೇಲಿನ ಮನೆಯನ್ನು ಸರಿಮಾಡುವುದೋ? ಅವ್ವ ಹಳೆಯ ಜಾಗ ಎಂದಳು. ಅಪ್ಪ ತೀರಿಕೊಂಡದ್ದು ಅಲ್ಲಿ, ನಾವು ಹುಟ್ಟಿದ್ದು ಅಲ್ಲಿ. ಅಣ್ಣನಿಗೆ ಎರಡು ಮನಸ್ಸು. ನಾನು ದೂರದಲ್ಲಿದ್ದುಕೊಂಡು ಹೀಗೇ ಮಾಡಿ ಎಂದು ಹೇಳುವುದು ಸರಿಯಲ್ಲ ಅನ್ನಿಸಿತು. ವಿಲ್ನಿಸ್ ಕಥೆ ಹೇಳಿದೆ, ದಿಬ್ಬದ ಮೇಲಿನ ಕೊಟ್ಟಿಗೆಯ ಚಿತ್ರ ಕಳಿಸಿದೆ. ಅಣ್ಣ ಚಿತ್ರವನ್ನು ಬಹಳ ಹೊತ್ತು ನೋಡಿದನಂತೆ. ಕೊನೆಗೆ ಅವನು ಮಾಡಿದ್ದು: ಮೊದಲು ಮೇಲಿನ ಮನೆಯ ಹಿಂದೆ ತಗಡಿನ ಕೊಟ್ಟಿಗೆ ಹಾಕಿದ, ಬಣವೆಗೆ ಜಾಗ ಮಾಡಿದ, ಆಕಳನ್ನು ಅಲ್ಲಿಗೆ ಒಯ್ದ. ಅವ್ವನಿಗೆ ಏನೂ ಹೇಳಲಿಲ್ಲ. ಹದಿನೈದು ದಿನ ಅವಳು ಹಾಲು ಕರೆಯಲು ದಿನಕ್ಕೆರಡು ಸಲ ಮೇಲೆ ಹತ್ತಿ ಇಳಿದಳು. ಹದಿನಾರನೆಯ ದಿನ ಅಲ್ಲೇ ಮಲಗಿದಳು.

2023ರಲ್ಲಿ ಮತ್ತೆ ಬರ. 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಹೊಳೆ ಮತ್ತೆ ಬತ್ತಿ, ಹುಡುಗರು ಮತ್ತೆ ಮರಳಿನಲ್ಲಿ ಕ್ರಿಕೆಟ್ ಆಡಿದರು. ಆ ವರ್ಷದಿಂದ ನಾನು ಒಂದು ರೂಢಿ ಮಾಡಿಕೊಂಡಿದ್ದೇನೆ. ವರ್ಷದ ಮೊದಲ ತಿಂಗಳುಗಳಲ್ಲಿ ಇಲ್ಲಿನ ನೀರಿನ ಮಂಡಳಿಗೆ ತೆರಿಗೆ ಕಟ್ಟಿದಾಗ, ಅಷ್ಟೇ ಮೊತ್ತ ಅಣ್ಣನಿಗೂ ಕಳಿಸುತ್ತೇನೆ. "ನೀನೇನು ಸರ್ಕಾರ ಆದಿಯೇನು?" ಎಂದು ಅವನು ಮೊದಲ ಸಲ ತಮಾಷೆ ಮಾಡಿದ. ಈಗ ಅವನೇ ಅದಕ್ಕೆ ಹೊಳಿ ತೆರಿಗಿ ಎಂದು ಹೆಸರಿಟ್ಟಿದ್ದಾನೆ. ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ. ಖರ್ಚನ್ನು ಹಾಳೆಯಲ್ಲಿ ಬರೆದು ಫೋಟೊ ಕಳಿಸುತ್ತಾನೆ. 2024ರ ಬೇಸಿಗೆಯ ಹಾಳೆಯಲ್ಲಿ ಇದ್ದದ್ದು ಇಷ್ಟು: ಮೇಲಿನ ಮನೆಯ ಗೋಡೆಯ ಬಿರುಕಿಗೆ ಸಿಮೆಂಟು. ಮನೆ ಮುಂದಿನ ಗಟಾರದ ಹೂಳು ತೆಗೆದ ಕೂಲಿ. ಪಹಣಿ, ಪಾಸ್‌ಬುಕ್ಕು ಇಡಲು ಮುಚ್ಚಳ ಬಿಗಿಯಾದ ಟ್ರಂಕು. ಟ್ರ್ಯಾಕ್ಟರಿಗೆ ಉದ್ದ ಹಗ್ಗ. ಬಣ್ಣ, ಒಂದು ಡಬ್ಬಿ. ಬಣ್ಣ ಯಾಕೆ ಎಂದು ಕೇಳಿದೆ. ಹನುಮಪ್ಪನ ಗುಡಿಯ ಗೋಡೆಗೆ ಎರಡು ಗೆರೆ ಎಳೆದನಂತೆ, 2009ರದು ಒಂದು, 2019ರದು ಒಂದು. ಗುಡಿಗೆ ಬಂದ ಹುಡುಗರು ಮೇಲಿನ ಗೆರೆ ತಮ್ಮ ತಲೆಗಿಂತ ಎತ್ತರ ಇರುವುದನ್ನು ನೋಡಿ, ಇದೇನು ಎಂದು ಕೇಳುತ್ತಾರಂತೆ.

ಪಟ್ಟಿಯ ಕೊನೆಯ ಸಾಲು ಅಣ್ಣನ ಅಕ್ಷರದಲ್ಲಿ ಇರಲಿಲ್ಲ. ಅತ್ತಿಗೆ ಬರೆದಿದ್ದಳು: ಅತ್ತೆಯವರು ಹೇಳಿ ಮಾಡಿಸಿದ್ದು, ಕೌದಿ ಇಡಲು ಅಟ್ಟ. ಅಜ್ಜಿಯ ಕೌದಿಗಳು ಹೋಗಿ ಐದು ವರ್ಷವಾಗಿತ್ತು. ಯಾವ ಕೌದಿ ಎಂದು ಕೇಳಿದೆ. ಮೇಲಿನ ಮನೆಗೆ ಬಂದ ಮೇಲೆ ಅವ್ವ ಹಳೆಯ ಸೀರೆಗಳನ್ನು ಕೂಡಿಸಿ ಹೊಸದು ಹೊಲಿಯುತ್ತಿದ್ದಾಳಂತೆ. ಎರಡು ಮುಗಿದಿವೆ, ಮೂರನೆಯದು ನಡೆದಿದೆ.